ಆಯಿಯ ಕಣ್ಣೊಳಗಿನ ಕೂದಲು

ಹೋದ ವರ್ಷ ನನ್ನ ಎಡಗಣ್ಣಿನಲ್ಲಿ ಏನೋ ಚುಚ್ಚಿದಂತಾಗಿ ಮೂರು ದಿನ ಬಿಡದೆ ನೀರು ಸುರಿಯಿತು. ಗಂಗಾವತಿಗೆ ಹೋಗಿ ತೋರಿಸಿದೆ. ಕಣ್ಣಿನ ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವಳು. ಯಂತ್ರದ ಮುಂದೆ ಗದ್ದ ಇಡಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು.

"ಒಂದು ರೆಪ್ಪಿಗೂದಲಾ ಒಳಗ ಹೊಳ್ಳೈತ್ರಿ ಅಮ್ಮಾ. ತಗದುಬಿಡ್ತೀನಿ, ಅಳ್ಳಾಡಬ್ಯಾಡ್ರಿ."

"ಬುಡಕ್ಕ ಹಿಡಿಯವ್ವಾ," ಎಂದೆ ನಾನು. "ನಡುವ ಮುರೀತಂದ್ರ ಮೊದಲಿಗಿಂತ ಜಾಸ್ತಿ ಚುಚ್ಚತೈತಿ."

ಅವಳ ಕೈ ಅಲ್ಲೇ ನಿಂತಿತು. "ನೀವು ನರ್ಸ್ ಇದ್ರೇನ್ರಿ?"

"ಇಲ್ಲವ್ವಾ, ಸಾಲ್ಯಾಗ ಟೀಚರ್ ಇದ್ದೆ. ಆದ್ರ ಈ ಕೆಲಸ ಒಂಬತ್ತು ವರ್ಷದಾಕಿ ಇದ್ದಾಗ ಕಲತೀನಿ."

ಅವಳು ನಕ್ಕು ಕೂದಲನ್ನು ಬುಡಕ್ಕೇ ಹಿಡಿದು ತೆಗೆದಳು. ಅರೆಗಳಿಗೆಯಲ್ಲಿ ಕಣ್ಣು ಹಗುರಾಯಿತು. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಗದ್ದೆಗಳನ್ನು ನೋಡುತ್ತ ಕುಳಿತವಳಿಗೆ, ಒಂದೇ ಒಂದು ಕೂದಲಿಗೆ ಮೂರು ದಿನ ನಾನು ಮನೆಮಂದಿಯ ಮೇಲೆಲ್ಲ ಸಿಡುಕಿದ್ದು ನೆನಪಾಗಿ ನಾಚಿಕೆಯಾಯಿತು. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಎರಡೂ ಕಣ್ಣುಗಳಲ್ಲಿ ಇಂಥ ಹತ್ತಾರು ಕೂದಲುಗಳನ್ನು ಇಟ್ಟುಕೊಂಡು ರೊಟ್ಟಿ ಬಡಿದಳು, ಬಾಣಂತನ ಮಾಡಿದಳು, ನಮಗೆ ಕಥೆ ಹೇಳಿದಳು.

ಕಾರಟಗಿಯಲ್ಲಿ ನಾವಿದ್ದ ಮನೆ ಒಂದು ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿತ್ತು. ಅಪ್ಪ ಆ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ಗಿರಣಿ ಶುರುವಾದರೆ ನಮ್ಮ ಅಡುಗೆಮನೆಯ ಗಂಗಾಳಗಳು ತಾವಾಗಿಯೇ ಝಣಗುಡುತ್ತಿದ್ದವು. ಭತ್ತದ ಹೊಟ್ಟಿನ ಸಣ್ಣ ಧೂಳು ಹಾಸಿಗೆ, ನೀರಿನ ಕೊಡ, ದೇವರ ಜಗಲಿ ಎನ್ನದೆ ಎಲ್ಲ ಕಡೆ ಬಂದು ಕೂರುತ್ತಿತ್ತು. ಬೆಳಿಗ್ಗೆ ಕಸಗುಡಿಸಿದ ಪಡಸಾಲೆಯಲ್ಲಿ ಮಧ್ಯಾಹ್ನ ನಾನು ಬೆರಳಿನಿಂದ ಅಕ್ಷರ ತಿದ್ದಬಹುದಿತ್ತು. ಮನೆಯೆಂದರೆ ಮುಂದೆ ಆ ಪಡಸಾಲೆ, ಹಿಂದೆ ಅಡುಗೆಮನೆ, ಹಿತ್ತಿಲಲ್ಲಿ ಬಚ್ಚಲು, ಅಷ್ಟೇ. ಅಡುಗೆಮನೆಗೆ ಕಿಟಕಿ ಇರಲಿಲ್ಲ, ಮಾಡಿನಲ್ಲಿ ಒಂದು ಬೆಳಕಿಂಡಿ ಇತ್ತು. ಉರಿಸುತ್ತಿದ್ದದ್ದು ಗಿರಣಿಯಿಂದ ತಂದ ಹೊಟ್ಟು. ಹೊಟ್ಟಿನ ಒಲೆ ಒಮ್ಮೆ ಹತ್ತಿಕೊಂಡರೆ ಚೆನ್ನಾಗಿ ಉರಿಯುತ್ತದೆ, ಆದರೆ ಹತ್ತಿಕೊಳ್ಳುವ ತನಕ ಮನೆ ತುಂಬ ಹೊಗೆ. ಆ ಹೊಗೆಯೊಳಗೆ ಅವ್ವ ಮತ್ತು ಆಯಿ ಇಬ್ಬರೂ ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಜಗಳವಾಡುತ್ತಿದ್ದರು.

ಜಗಳ ಬಹುಮಟ್ಟಿಗೆ ರೊಟ್ಟಿ ಮತ್ತು ಅನ್ನದ್ದು. ಆಯಿ ಕುಷ್ಟಗಿ ಕಡೆಯ ಎರೆನೆಲದವಳು, ಗಂಡ, ಅಂದರೆ ನಮ್ಮ ಮುತ್ಯಾ, ತೀರಿಕೊಂಡ ಮೇಲೆ ಮಗನ ಜೊತೆ ಈ ನೀರಾವರಿ ಊರಿಗೆ ಬಂದವಳು. ಅವ್ವ ಸಿದ್ದಾಪುರದವಳು, ಹುಟ್ಟಿದಾಗಿನಿಂದ ಗದ್ದೆ ಕಂಡವಳು. ಊರ ತುಂಬ ಅಕ್ಕಿಯ ಮೂಟೆಗಳಿದ್ದರೂ ಆಯಿ ಜೋಳ ಹುಡುಕಿ ತರಿಸುತ್ತಿದ್ದಳು.

"ಅನ್ನ ಉಂಡ್ರ ಹೊಟ್ಟಿ ತುಂಬತೈತಿ, ಹಸಿವು ಹೋಗಂಗಿಲ್ಲ," ಎನ್ನುವುದು ಆಯಿಯ ಮಾತು.

"ಹಂಗಾರ ನಮ್ಮಪ್ಪನ ಮನಿಯಾಗ ಎಲ್ಲಾರೂ ಹಸಕೊಂಡ ಅದಾರೇನ್ರಿ ಅತ್ತಿ?" ಎನ್ನುವುದು ಅವ್ವನ ಉತ್ತರ.

ಕೊನೆಗೆ ಬೆಳಿಗ್ಗೆ ರೊಟ್ಟಿ, ಸಂಜೆ ಅನ್ನ ಎಂದು ಅಪ್ಪ ಪಂಚಾಯ್ತಿ ಮಾಡಿದ. ನಮಗೆ ಮಕ್ಕಳಿಗೆ ಇದರಿಂದ ಲಾಭವೇ ಆಯಿತು. ಇಬ್ಬರೂ ತಮ್ಮ ತಮ್ಮ ಪಾಳಿಯಲ್ಲಿ ಒಬ್ಬರನ್ನೊಬ್ಬರು ಮೀರಿಸುವಂತೆ ಅಡುಗೆ ಮಾಡಿ ಬಡಿಸುತ್ತಿದ್ದರು. ಆಯಿಯ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ, ಪಕ್ಕದಲ್ಲಿ ಶೇಂಗಾ ಚಟ್ನಿ. ಅವ್ವನ ಮೆತ್ತನೆ ಅನ್ನದ ಮೇಲೆ ಹುಳಿ ಬಿದ್ದ ಪುಂಡಿಪಲ್ಯ. ಇಂದಿಗೂ ಯಾವುದು ಹೆಚ್ಚು ಎಂದು ಕೇಳಿದರೆ ನಾನು ಉತ್ತರ ಕೊಡುವುದಿಲ್ಲ.

ಆಯಿಯ ಕಣ್ಣಿನ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಹೊಸದಾಗಿರಲಿಲ್ಲ. ಅವಳ ಮೇಲಿನ ರೆಪ್ಪೆಗಳ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಕೂದಲುಗಳು ಹೊರಗೆ ಚಾಚುವ ಬದಲು ಕಣ್ಣುಗುಡ್ಡೆಯ ಕಡೆಗೇ ಬೆಳೆಯುತ್ತಿದ್ದವು. ರೆಪ್ಪೆ ಮಿಟುಕಿಸಿದಾಗಲೆಲ್ಲ ಅವು ಕಣ್ಣನ್ನು ಕೆರೆಯುತ್ತಿದ್ದವು. ಬಿಸಿಲಿಗೆ ಬಂದರೆ ಅವಳಿಗೆ ಕಣ್ಣು ತೆರೆಯಲಾಗುತ್ತಿರಲಿಲ್ಲ, ಸೆರಗನ್ನು ಹುಬ್ಬಿನ ಕೆಳಗಿನವರೆಗೂ ಎಳೆದುಕೊಂಡು ನೆಲ ನೋಡುತ್ತ ನಡೆಯುತ್ತಿದ್ದಳು. ಮತ್ತು ಸದಾ ನೀರು. ಕೂತರೂ ನಿಂತರೂ ಕೆನ್ನೆಯ ಮೇಲೆ ನೀರು. ಆ ನೀರು ಅವಳಿಗೆ ಎಷ್ಟು ಕಷ್ಟ ಕೊಟ್ಟಿತೋ ಅಷ್ಟೇ ಕಷ್ಟವನ್ನು ನನ್ನ ಅವ್ವನಿಗೂ ಕೊಟ್ಟಿತು. ಏಕೆಂದರೆ ಓಣಿಯವರು ಅದನ್ನು ಅಳು ಎಂದೇ ತಿಳಿದಿದ್ದರು. ಎದುರುಮನೆಯ ನೀಲಮ್ಮ ಬಾವಿಕಟ್ಟೆಯಲ್ಲಿ ನಾಲ್ಕು ಜನರೆದುರು, "ಪಾಪ, ಮುದುಕಿ ದಿನಾ ಕಣ್ಣೀರಾಗ ಕೈ ತೊಳೀತಾಳ. ಸೊಸಿ ಏನ ಅಂತಾಳೋ ಏನೋ" ಎಂದದ್ದು ಅವ್ವನ ಕಿವಿಗೆ ಬಿತ್ತು. ಅವ್ವ ಅಂದು ಕೊಡ ತುಂಬಿಸದೆ ಹಾಗೇ ತಿರುಗಿ ಬಂದಳು.

ಅಲ್ಲಿಯವರೆಗೆ ಆಯಿಯ ಕಣ್ಣಿನ ಕೂದಲು ಕೀಳುತ್ತಿದ್ದವಳು ಅವ್ವನೇ. ಒಲೆಯ ಬೂದಿಯನ್ನು ಹೆಬ್ಬೆರಳು ತೋರುಬೆರಳಿಗೆ ಹಚ್ಚಿಕೊಂಡು, ಕೂದಲು ಜಾರದಂತೆ ಉಗುರಿನಲ್ಲಿ ಹಿಡಿದು ಎಳೆಯುತ್ತಿದ್ದಳು. ಒಂದು ದಿನ ಹೀಗೆ ಆಯಿಯ ಮುಖದ ಮೇಲೆ ಬಾಗಿದ್ದಾಗ, ಆಯಿ ನೋವಿಗೆ "ಅಯ್ಯಯ್ಯೋ" ಎಂದ ಹೊತ್ತಿಗೇ ನೀಲಮ್ಮ ಮೊಸರು ಕೇಳಲು ಬಾಗಿಲಿಗೆ ಬಂದಳು.

"ಯವ್ವಾ! ಅತ್ತೀ ಕಣ್ಣಿಗೇ ಕೈ ಹಾಕ್ಯಾಳಲ್ಲ!"

ಅವ್ವ ಹಿತ್ತಿಲಿಗೆ ಹೋಗಿ ಕೈ ತೊಳೆದು ಬಂದು ಆಯಿಯ ಮುಂದೆ ನಿಂತಳು. "ಇನ್ನ ನಿಮ್ಮ ಕಣ್ಣು ನಾ ಮುಟ್ಟಂಗಿಲ್ರಿ ಅತ್ತಿ. ಸಿಟ್ಟಾದ್ರ ಆಗ್ರಿ." ಆಯಿ ಸಿಟ್ಟಾಗಲಿಲ್ಲ. ನನ್ನ ಕಡೆ ಮುಖ ತಿರುಗಿಸಿ, "ಸರೂ, ನಿನ್ನ ಕಣ್ಣು ಛಲೋ ಅದಾವು. ಬಾ ಇಲ್ಲಿ" ಎಂದಳು. ಆ ಕೆಲಸ ನನಗೆ ಬಂದದ್ದು ಹೀಗೆ.

ಬೂದಿ ಹಚ್ಚಿದ ನನ್ನ ಬೆರಳಿಗೆ ಕೂದಲು ಸಿಗುತ್ತಿರಲಿಲ್ಲ, ಆಯಿಯ ರೆಪ್ಪೆಯ ಚರ್ಮವೇ ಸಿಗುತ್ತಿತ್ತು. ನನ್ನ ಪರದಾಟ ನೋಡಿ ಅಪ್ಪ ನನ್ನನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿ ಮಾಡುತ್ತಿದ್ದ ಖಾದರಸಾಬರ ಬಳಿ ಕರೆದುಕೊಂಡು ಹೋದ. ಗಾಜಿನ ಪೆಟ್ಟಿಗೆಯ ಹಿಂದೆ, ಒಂದು ಕಣ್ಣಿಗೆ ಕರಿಯ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತಿದ್ದ ಅವರನ್ನು ನಾನು ಖಾದರ ಮಾಮಾ ಎನ್ನುತ್ತಿದ್ದೆ. ವಿಷಯ ಕೇಳಿ ಅವರು ತಮ್ಮ ಹಳೆಯದೊಂದು ಚಿಮಟಾ ತೆಗೆದು, ತುದಿ ಚರ್ಮಕ್ಕೆ ನಾಟದಂತೆ ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಟ್ಟರು. ಅಂಚಿನಲ್ಲಿ ಬಿರುಕು ಬಿಟ್ಟ ಒಂದು ಭೂತಗನ್ನಡಿಯನ್ನೂ ಕೊಟ್ಟರು.

"ಬುಡಾ ಹಿಡಿ, ಬೆಳೆದ ದಿಕ್ಕಿಗೇ ಎಳಿ. ಗಡಿಬಿಡಿ ಇದ್ದ ದಿನ ಕೈ ಹಚ್ಚಬ್ಯಾಡ. ನಾನೂ ಗಡಿಬಿಡಿ ಇದ್ದ ದಿನ ಗಡಿಯಾರ ಬಿಚ್ಚಂಗಿಲ್ಲ."

ಹೊಸ್ತಿಲಿಗೆ ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಹೊತ್ತು ನಮ್ಮ ಹೊತ್ತಾಯಿತು. ಕೂದಲುಗಳೆಲ್ಲ ಒಂದೇ ಸಲ ಬೆಳೆಯುತ್ತಿರಲಿಲ್ಲವಾದ್ದರಿಂದ ವಾರಕ್ಕೊಮ್ಮೆ ಕೂರಬೇಕಾಗುತ್ತಿತ್ತು. ನಾನು ಗೋಡೆಗೆ ಒರಗಿ ಕಾಲು ಚಾಚಿ ಕುಳಿತರೆ ಆಯಿ ನನ್ನ ತೊಡೆಯ ಮೇಲೆ ತಲೆ ಇಡುತ್ತಿದ್ದಳು. ಅಷ್ಟು ದೊಡ್ಡವಳು ನನ್ನ ಪುಟ್ಟ ತೊಡೆಯ ಮೇಲೆ ತಲೆ ಇಟ್ಟು, ನಾನು ಹೇಳಿದತ್ತ ಕಣ್ಣು ಹೊರಳಿಸುವುದು ನನಗೆ ದೊಡ್ಡ ಹೆಮ್ಮೆ. ಕಪ್ಪು ಕೂದಲು ಬೇಗ ಸಿಗುತ್ತಿದ್ದವು. ಬಣ್ಣವಿಲ್ಲದ ಎಳೆ ಕೂದಲುಗಳೇ ಕಳ್ಳರು, ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಮಾತ್ರ ಮಿಣುಕುತ್ತಿದ್ದವು. ಕಿತ್ತ ಪ್ರತಿ ಕೂದಲನ್ನೂ ಆಯಿಯ ಒದ್ದೆ ಮಣಿಕಟ್ಟಿನ ಮೇಲೆ ಸಾಲಾಗಿ ಅಂಟಿಸುತ್ತಿದ್ದೆ. ಮುಗಿದ ಮೇಲೆ ಅವಳು ಅವನ್ನು ಬೆರಳಿನಿಂದ ಸವರಿ ನೋಡಿ, "ಎಷ್ಟು ಸಣ್ಣು ಅದಾವ, ಎಷ್ಟು ಸೊಕ್ಕು ಅದಾವ" ಎಂದು ಊದಿಬಿಡುತ್ತಿದ್ದಳು. ಆಮೇಲೆ ನನ್ನ ಮುಖವನ್ನು ಸೆರಗಿನಿಂದ ಒರೆಸಿ, ಅದೇ ಸೆರಗಿನಿಂದ ತನ್ನ ಕಣ್ಣೂ ಒರೆಸಿಕೊಂಡು, ಒಲೆಯ ಮುಂದಕ್ಕೆ ಹೋಗುತ್ತಿದ್ದಳು. ಆ ದಿನದ ಮೊದಲ ರೊಟ್ಟಿ ನನ್ನದು.

ಆಪರೇಷನ್ ಮಾಡಿಸೋಣ ಎಂದು ಅಪ್ಪ ಅನೇಕ ಸಲ ಹೇಳಿದ್ದ. ಆಯಿ ಕೇಳುತ್ತಿರಲಿಲ್ಲ. ನವಲಿ ಊರಿಗೆ ಮದುವೆ ಮಾಡಿಕೊಟ್ಟಿದ್ದ ಅವಳ ಅಕ್ಕನಿಗೂ ಇದೇ ತೊಂದರೆ ಇತ್ತು. ಊರೂರು ತಿರುಗುವ ಯಾರೋ ಒಬ್ಬ ರೆಪ್ಪೆ ಕೊಯ್ದು ಸರಿಮಾಡುತ್ತೇನೆಂದು ಬಂದು, ಚರ್ಮವನ್ನು ಹೆಚ್ಚಾಗಿ ಕತ್ತರಿಸಿ ಹೋಗಿದ್ದ. ಆ ದೊಡ್ಡಾಯಿಯ ಒಂದು ಕಣ್ಣು ಮಲಗಿದರೂ ಪೂರ್ತಿ ಮುಚ್ಚುತ್ತಿರಲಿಲ್ಲ. ಆ ಕಣ್ಣಿನ ನೋಟವೂ ಹೋಗಿತ್ತು. "ನನ್ನ ಕಣ್ಣಿಗೆ ಕತ್ತಿ ಮುಟ್ಟಬಾರದು, ಸರೂನ ಕೈ ಸಾಕು" ಎನ್ನುತ್ತಿದ್ದಳು ಆಯಿ.

ಹೀಗೆ ಮೂರು ವರ್ಷ ನಡೆಯಿತು. ನನಗೆ ಹನ್ನೆರಡು ತುಂಬಿದ ವರ್ಷ ನಮ್ಮ ಶಾಲೆಯ ಹುಡುಗಿಯರ ಖೋಖೋ ತಂಡ ಸಿದ್ದಾಪುರದಲ್ಲಿ ಆಡಬೇಕಿತ್ತು. ಟ್ರ್ಯಾಕ್ಟರು ಶಾಲೆಯ ಮುಂದಿನಿಂದ ಬೆಳಿಗ್ಗೆಯೇ ಹೊರಡುವುದಿತ್ತು. ನಾನು ಜಡೆ ಹೆಣೆದುಕೊಂಡು ರಿಬ್ಬನ್ನು ಕಟ್ಟುತ್ತಿದ್ದಾಗ ಆಯಿ ಗೋಡೆ ಹಿಡಿದುಕೊಂಡು ಬಂದಳು.

"ಸರೂ, ಬಲಗಣ್ಣಾಗ ಭಾಳ ಚುಚ್ಚಾಕತ್ತಾವು. ಎರಡಽ ಎರಡು ತಗದು ಹೋಗು."

ಭೂತಗನ್ನಡಿ ಹಚ್ಚಿ ನೋಡಿದರೆ ಎರಡಲ್ಲ, ಒಂದು ಸಾಲೇ ಇತ್ತು. ಒಂದೊಂದೇ ಹಿಡಿದು ಕೀಳಲು ಕುಳಿತರೆ ಟ್ರ್ಯಾಕ್ಟರು ನಿಲ್ಲುತ್ತಿರಲಿಲ್ಲ. ಹೊರಗೆ ಗೆಳತಿ ಕೂಗುತ್ತಿದ್ದಳು. ರಿಬ್ಬನ್ನು ಕತ್ತರಿಸಲು ತಂದಿದ್ದ ಅವ್ವನ ಸಣ್ಣ ಕತ್ತರಿ ಪಕ್ಕದಲ್ಲೇ ಬಿದ್ದಿತ್ತು. ರೆಪ್ಪೆಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಎತ್ತಿ ಹಿಡಿದು, ಕತ್ತರಿಯನ್ನು ಅಂಚಿಗೆ ಅಡ್ಡವಾಗಿಟ್ಟು ಸಾಲನ್ನು ಕತ್ತರಿಸಿಬಿಟ್ಟೆ. ನನ್ನ ಕೈ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

"ಇವತ್ತು ಭಾಳ ಲಗೂನ ಆತಲ್ಲ," ಎಂದಳು ಆಯಿ.

"ಕಲತುಬಿಟ್ಟೀನಿ ಆಯಿ," ಎಂದು ಓಡಿದೆ. ಅಂದು ನಾವು ಗೆದ್ದೆವು. ಟ್ರ್ಯಾಕ್ಟರಿನಲ್ಲಿ ಹಾಡು ಹೇಳುತ್ತ ಮನೆಗೆ ಬಂದೆ.

ಕಿತ್ತ ಕೂದಲು ಮೆತ್ತಗೆ ಚಿಗುರುತ್ತದೆ, ಕತ್ತರಿಸಿದ ಕೂದಲು ಮುಳ್ಳಾಗಿ ಉಳಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಮೂರನೆಯ ದಿನ ಆಯಿಯ ಬಲಗಣ್ಣು ಕೆಂಡದಂತೆ ಕೆಂಪಾಯಿತು. ಅವಳು ಒಲೆಯ ಮುಂದೆ ಕೂರಲಾರದೆ ಹೋದಳು. ಬೆಳಿಗ್ಗೆಯ ರೊಟ್ಟಿ ನಿಂತಿತು. ಬಾಗಿಲು ಮುಚ್ಚಿದ ಪಡಸಾಲೆಯ ಮೂಲೆಯಲ್ಲಿ, ಮುಖದ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಅಪ್ಪ ಗಂಗಾವತಿಗೆ ನಡಿ ಎಂದ.

"ಯವ್ವಾ, ಹಟಾ ಮಾಡಬ್ಯಾಡ ಬೇ. ಕಣ್ಣು ಹೋದ ಮ್ಯಾಲೆ ಯಾರಿಗೆ ತೋರಸ್ತಿ?"

"ಹೋಗ್ಲಿ ಬಿಡು. ಅಕ್ಕನಂಗ ಕಣ್ಣು ತೆರಕೊಂಡು ಮಲಗೂದಕ್ಕಿಂತ ಮುಚ್ಚಿಕೊಂಡು ಮಲಗೂದು ಛಲೋ."

ಅಪ್ಪ ಕೂಗಾಡಿದ, ಆಯಿಯೂ ಕೂಗಾಡಿದಳು. ನಾನು ಪಾಠ ಓದುವವಳಂತೆ ಪುಸ್ತಕ ಹಿಡಿದು ಕುಳಿತಿದ್ದೆ. ಮರುದಿನ ಬೆಳಿಗ್ಗೆ ಯಾರೂ ಇಲ್ಲದ ಹೊತ್ತಿನಲ್ಲಿ, "ಆಯಿ, ಒಂದು ಸಲ ನೋಡಲೇನು?" ಎಂದು ಬಾಗಿಲು ತುಸು ತೆರೆದು ಅವಳ ರೆಪ್ಪೆ ಎತ್ತಿದೆ. ಅಂಚಿನುದ್ದಕ್ಕೂ ಕತ್ತರಿಸಿದ ಮೊಂಡು ಕೂದಲುಗಳು ನಿಂತಿದ್ದವು. ಅವುಗಳ ಎದುರಿಗೇ, ಕಪ್ಪು ಗುಡ್ಡೆಯ ಮೇಲೆ, ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಬಿದ್ದಿತ್ತು. ಕಣ್ಣಿನಲ್ಲಿ ಹೂ ಬೀಳುವುದು ಎಂದು ದೊಡ್ಡವರು ಆಡಿಕೊಳ್ಳುವುದನ್ನು ಕೇಳಿದ್ದೆ. ಇದೇ ಅದು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಓಡಿದ್ದು ಖಾದರ ಮಾಮಾನ ಅಂಗಡಿಗೆ. ಅಳುತ್ತ ಎಲ್ಲ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಬಿಚ್ಚಿಟ್ಟಿದ್ದ ಗಡಿಯಾರದ ಮೇಲೆ ಬಟ್ಟಲು ಮುಚ್ಚಿ ಎದ್ದರು.

"ಕರಕೊಂಡು ಹೋಗೋದು ದೊಡ್ಡವರ ಕೆಲಸ, ಅದನ್ನ ನಾವು ಮಾಡ್ತೀವಿ. ಹೇಳೋದು ನಿನ್ನ ಕೆಲಸ. ಅದನ್ನ ನೀನಽ ಮಾಡಬೇಕು, ಬೇಟಿ."

ಅವರು ಮನೆಗೆ ಬಂದು ಅವ್ವನನ್ನು ಹಿತ್ತಿಲಿಗೆ ಕರೆದು, ಕಣ್ಣಿನಲ್ಲಿ ಹೂ ಬಿದ್ದಿದೆ, ಇವತ್ತೇ ಹೋಗಬೇಕು ಎಂದಷ್ಟೇ ಹೇಳಿದರು. ಅಪ್ಪ ಗಿರಣಿಯಲ್ಲಿದ್ದ. ಅವ್ವ ಅವನನ್ನು ಕಾಯಲಿಲ್ಲ. ಒಲೆಗೆ ನೀರು ಚಿಮುಕಿಸಿ, ಒಗೆದ ಸೀರೆಯೊಂದನ್ನು ಚೀಲಕ್ಕೆ ತುರುಕಿ, ಪಡಸಾಲೆಗೆ ಬಂದು ಆಯಿಯ ಎದುರು ನಿಂತಳು. ಆಗಿನ ಅವಳ ದನಿ ಈಗಲೂ ನನ್ನ ಕಿವಿಯಲ್ಲಿದೆ.

"ಅತ್ತಿ, ಈ ಓಣಿ ನಾ ನಿಮ್ಮನ್ನ ಅಳಸ್ತೀನಿ ಅಂತೈತಿ. ಅದನ್ನ ಇಷ್ಟು ವರ್ಷ ಹೊತ್ತೀನಿ. ನಾಳಿ ನಿಮ್ಮ ಕಣ್ಣು ಹೋದ್ರ ನಾನಽ ಕಿತ್ತೆ ಅಂತೈತಿ. ಅದನ್ನ ಹೊರಾಕ ನನ್ನ ಕೈಲೆ ಆಗಂಗಿಲ್ಲ. ಏಳ್ರಿ."

ಆಯಿ ಮುಖದ ಮೇಲಿನ ಬಟ್ಟೆ ತೆಗೆದಳು. ಸೊಸೆಯೇ ತನ್ನನ್ನು ಅಳಿಸುತ್ತಾಳೆಂಬ ಓಣಿಯವರ ಮಾತು ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಎದ್ದು ಕೂತು, ಸೊಸೆಯ ಕಡೆ ಮುಖ ಮಾಡಿ ಕೈ ಚಾಚಿದಳು. ಅವ್ವ ಆ ಕೈ ಹಿಡಿದು ಎಬ್ಬಿಸಿದಳು. ನಾನೂ ಹಿಂದೆಯೇ ಹೊರಟೆ, ಯಾರೂ ಬೇಡ ಎನ್ನಲಿಲ್ಲ.

ಗಂಗಾವತಿಯ ಡಾಕ್ಟರು ನಡುವಯಸ್ಸಿನ, ಮೆತ್ತನೆ ಮಾತಿನ ಮನುಷ್ಯ. ಆಯಿಯ ಕಣ್ಣಿಗೆ ಬಣ್ಣದ ಔಷಧ ಬಿಟ್ಟು, ಬ್ಯಾಟರಿ ಹಿಡಿದು ಬಹಳ ಹೊತ್ತು ನೋಡಿದರು.

"ಈ ಕೂದಲಾ ಯಾರು ಕತ್ತರಿಸ್ಯಾರ?"

ನಾನು ತುಟಿ ಬಿಚ್ಚುವ ಮೊದಲೇ ಆಯಿ ಅಂದಳು, "ನಾನಽ ಕತ್ತರಿಸ್ಕೊಂಡೀನ್ರಿ ಸಾಹೇಬ್ರ. ಚುಚ್ಚೋದು ತಾಳಲಿಲ್ಲ."

"ಈ ಕಣ್ಣಿಲೆ ಇಷ್ಟು ಸರಳ ಗೆರಿ ಕತ್ತರಿಸಿದ್ರೇನಮ್ಮಾ?" ಎಂದು ಡಾಕ್ಟರು ಒಮ್ಮೆ ಅವ್ವನನ್ನು, ಒಮ್ಮೆ ನನ್ನನ್ನು ನೋಡಿದರು. ಅವ್ವನೂ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಡಾಕ್ಟರು ಮತ್ತೆ ಕೇಳಲಿಲ್ಲ. ತಮ್ಮ ಅಂಗಿಯ ತೋಳಿನ ಅಂಚನ್ನು ಒಳಕ್ಕೆ ಮಡಚಿ, ಅದರ ಎಳೆಗಳು ಮಣಿಕಟ್ಟಿಗೆ ತಾಗುವುದನ್ನು ಅವ್ವನಿಗೆ ತೋರಿಸಿದರು.

"ಸಣ್ಣಾಕಿ ಇದ್ದಾಗಿಂದ ರೆಪ್ಪಿ ಒಳಗ ಸೋಂಕು ಆಗಿ ಆಗಿ ಗಾಯದ ಕಲಿ ಬಿದ್ದೈತಿ. ಕಲಿ ಚರ್ಮಾ ಎಳಕೊಂಡೈತಿ, ಅಂಚು ಹಿಂಗ ಒಳಗ ಹೊಳ್ಳೈತಿ. ಕೂದಲದ್ದೇನು ತಪ್ಪಿಲ್ಲ, ಅವು ಬೇರಿದ್ದ ಕಡೆಗೇ ಬೆಳೀತಾವು. ಕಿತ್ರ ಒಂದೂವರಿ ತಿಂಗಳಿಗೆ ಮತ್ತ ಬರ್ತಾವು. ಅಂಚನ್ನ ಹೊರಗ ಹೊಳ್ಳಿಸಿ ಹೊಲಿಗಿ ಹಾಕಬೇಕು. ಕಣ್ಣಿನ ಗುಡ್ಡಿ ನಾ ಮುಟ್ಟಂಗಿಲ್ಲ, ರೆಪ್ಪಿ ಅಷ್ಟಽ."

"ಕಣ್ಣು ಮುಚ್ಚತೈತೇನ್ರಿ ಆಮ್ಯಾಲೆ?" ಆಯಿ ಕೇಳಿದ್ದು ಇದೊಂದನ್ನೇ.

"ಮುಚ್ಚತೈತಿ. ಚರ್ಮಾ ಕಡಿಮಿ ಮಾಡಂಗಿಲ್ಲ, ಬರೇ ತಿರುಗಿಸ್ತೀನಿ."

ಆಯಿ ಆಗಲಿ ಎಂದಳು. ಮೊದಲು ಮೊಂಡು ಕೂದಲುಗಳನ್ನು ತೆಗೆದು, ಹುಣ್ಣು ಮಾಯಲು ಹನಿ ಮತ್ತು ಮುಲಾಮು ಕೊಟ್ಟರು. ಆಮೇಲೆ ಡಾಕ್ಟರು ನನ್ನನ್ನು ಹತ್ತಿರ ಕರೆದು, ನನ್ನ ರೆಪ್ಪೆಯನ್ನು ಪಟಕ್ಕನೆ ಮಗುಚಿ ನೋಡಿದರು. ಒಳಗೆ ರವೆಯಂಥ ಕಾಳುಗಳಿವೆ, ಈಗಲೇ ಔಷಧ ಹಾಕಿದರೆ ಹೋಗುತ್ತವೆ, ಮನೆಯ ಮಕ್ಕಳಿಗೆಲ್ಲ ಹಾಕಬೇಕು, ಒಬ್ಬರ ಮುಖ ಒರೆಸಿದ ಬಟ್ಟೆ ಇನ್ನೊಬ್ಬರಿಗೆ ಮುಟ್ಟಿಸಬಾರದು ಎಂದರು. ಆಯಿ ತನ್ನ ಸೆರಗನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು.

"ನನ್ನ ಸೆರಗಿಲೆ ಹೋತೇನ್ರಿ ಈ ಕೂಸಿಗೆ?"

ಡಾಕ್ಟರು ಹೇಳಿದರು, "ಸೆರಗಿಲೆನೂ ಹೋಗತೈತಿ, ಕೈಲೆನೂ ಹೋಗತೈತಿ, ನೊಣದಿಂದನೂ ಹೋಗತೈತಿ. ನಿಮಗೂ ಯಾರದೋ ಪ್ರೀತಿಲೆನಽ ಬಂದಿರತೈತಿ ಅಮ್ಮಾ. ಇನ್ನ ಮ್ಯಾಲೆ ನೀರು ಹಾಕಿ ತೊಳೀರಿ, ಸಾಕು."

ಆ ದಿನದಿಂದ ಆಯಿ ಯಾರ ಮುಖವನ್ನೂ ಸೆರಗಿನಿಂದ ಒರೆಸಲಿಲ್ಲ. ನಮ್ಮನ್ನು ಬಚ್ಚಲಕಟ್ಟೆಗೆ ಕೂರಿಸಿ, ತಂಬಿಗೆಯಿಂದ ನೀರು ಹನಿಸಿ, ಬರಿಗೈಯಿಂದ ಮುಖ ತೊಳೆದು, "ಗಾಳಿಗೆ ಆರಲಿ" ಎಂದು ಬಿಡುತ್ತಿದ್ದಳು. ಅಪ್ಪ ತಲೆಗೊಂದರಂತೆ ಟವೆಲು ತಂದು ಬೇರೆ ಬೇರೆ ಮೊಳೆಗೆ ನೇತುಹಾಕಿದ. ರಾತ್ರಿಯ ಮುಲಾಮನ್ನು ಅವ್ವ ಹಾಕುತ್ತಿದ್ದಳು. ಕಣ್ಣೆಲ್ಲ ಜಿಡ್ಡಾಗಿ ದೀಪದ ಸುತ್ತ ಬಣ್ಣದ ಉಂಗುರ ಕಾಣುತ್ತಿತ್ತು. ನನ್ನ ರೆಪ್ಪೆಗಳು ಆಯಿಯ ರೆಪ್ಪೆಗಳಂತಾಗದೆ ಉಳಿದದ್ದು ಆ ಮುಲಾಮಿನಿಂದ, ಆ ತಂಬಿಗೆ ನೀರಿನಿಂದ.

ಹುಣ್ಣು ಮಾದ ಮೇಲೆ ಆಪರೇಷನ್ ಆಯಿತು. ಒಳಗೆ ಆಯಿಯ ಕೈ ಹಿಡಿದುಕೊಂಡು ನಿಂತವಳು ಅವ್ವ. ರೆಪ್ಪೆಗೆ ಸೂಜಿ ಚುಚ್ಚಿದಾಗ ಆಯಿ ಒಮ್ಮೆ ಮುಲುಗಿದಳಂತೆ, ಆಮೇಲೆ ನೋವೇ ಇಲ್ಲವೆಂದು ಡಾಕ್ಟರ ಜೊತೆ ಕುಷ್ಟಗಿಯ ಜೋಳದ ಬೆಳೆಯ ಬಗ್ಗೆ ಮಾತಾಡಿದಳಂತೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಹೊರಗೆ ತಂದರು. ಗಿರಣಿಗೆ ರಜೆ ಹಾಕಿ ಬಂದಿದ್ದ ಅಪ್ಪ ಅವಳಿಗೆ ತುತ್ತು ಮಾಡಿ ಉಣಿಸಿದ. ಅನ್ನವನ್ನೇ ಉಣಿಸಿದ. ಅಂದು ಅವಳು ಜಗಳ ತೆಗೆಯಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದರು. ರೆಪ್ಪೆಗಳು ಬಾತಿದ್ದವು, ಅಂಚಿನಲ್ಲಿ ಕರಿದಾರದ ಹೊಲಿಗೆಗಳಿದ್ದವು. ಆದರೆ ಮೊದಲ ಸಲ ಅವಳ ರೆಪ್ಪೆಗೂದಲುಗಳು ಮುಂದಕ್ಕೆ ಚಾಚಿ ನಿಂತದ್ದನ್ನು ನಾನು ನೋಡಿದೆ. ಹತ್ತನೆಯ ದಿನ ಹೊಲಿಗೆ ತೆಗೆಸಲು ಹೋದಾಗ ಡಾಕ್ಟರು ದೀಪ ಹಿಡಿದು ನೋಡಿ, ಎಡಗಣ್ಣು ಚೊಕ್ಕಟವಾಗಿದೆ, ಬಲಗಣ್ಣಿನ ಹೂವಿನ ಗುರುತು ಮಾತ್ರ ಉಳಿಯುತ್ತದೆ, ಆ ಕಣ್ಣಿನ ನೋಟ ಸ್ವಲ್ಪ ಮಂಜಾಗಿಯೇ ಇರುತ್ತದೆ ಎಂದರು. ಉಳಿಯುತ್ತದೆ ಎಂಬ ಮಾತು ಕೇಳಿದ್ದೇ ನನಗೆ ತಡೆಯಲಾಗಲಿಲ್ಲ.

"ಆಯಿ ಅಲ್ರಿ, ನಾ ಕತ್ತರಿಸಿದ್ದು. ನನಗ ಖೋಖೋಕ್ಕ ಹೋಗೋದಿತ್ತು."

ಅವ್ವನ ಕೈ ಎದ್ದಿತು, ಅದನ್ನು ಆಯಿಯೇ ಹಿಡಿದಳು.

"ನನಗ ಗೊತ್ತೈತಿ," ಎಂದಳು ನನಗೆ. "ಕಣ್ಣು ಕಾಣದಿದ್ರ ಕತ್ತರಿ ಸಪ್ಪಳನೂ ಕೇಳಂಗಿಲ್ಲೇನು? ನಿನಗೂ ಗಡಿಬಿಡಿ ಇತ್ತು, ನನಗೂ ಲಗೂನ ಮುಗೀಲಿ ಅನಿಸಿತ್ತು. ಸುಮ್ನ ಕುಂತೆ. ಇಬ್ಬರೂ ಕೂಡಿ ಮಾಡಿದ ತಪ್ಪದು, ನೀ ಒಬ್ಬಾಕಿನ ಹೊರಬ್ಯಾಡ."

ನಾನು ಅವಳ ಮಡಿಲಿಗೆ ಬಿದ್ದು ಅತ್ತೆ. ಅವಳು ಅಳಲಿಲ್ಲ. ಅವಳ ಕೆನ್ನೆ ಒಣಗಿತ್ತು. ಮುಂದೆ ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳು ತಪ್ಪು ಮಾಡಿ ನನ್ನ ಮುಂದೆ ನಿಂತಾಗಲೆಲ್ಲ, ಬೈಯುವ ಮೊದಲು ಆಯಿಯ ಆ ಮಾತು ಬಂದು ನನ್ನ ನಾಲಿಗೆ ತಡೆಯುತ್ತಿತ್ತು. ನನ್ನಲ್ಲಿ ಏನಾದರೂ ಒಳ್ಳೆಯ ಟೀಚರು ಇದ್ದರೆ ಅವಳು ಹುಟ್ಟಿದ್ದು ಆ ಕೋಣೆಯಲ್ಲಿ.

ಆಯಿ ಗುಣವಾದ ಮೇಲೆ ಮನೆಯಲ್ಲಿ ಹೊಸ ತಾಪತ್ರಯ ಶುರುವಾಯಿತು. ಅವಳಿಗೆ ಎಲ್ಲ ಕಾಣತೊಡಗಿತು. ತೊಲೆಯ ಮೇಲಿನ ಜೇಡರ ಬಲೆ, ತಂಬಿಗೆಯ ತಳದ ಕಿಲುಬು, ಅಕ್ಕಿಯೊಳಗಿನ ಹುಳ ಎಲ್ಲ ಕಂಡವು. ಅವ್ವ ಹಣೆ ಚಚ್ಚಿಕೊಂಡು, "ಕಣ್ಣು ಮಾಡಿಸಿ ನನ್ನ ಕಾಲ ಮ್ಯಾಲೆ ನಾನಽ ಕಲ್ಲು ಹಾಕ್ಕೊಂಡೆ" ಎಂದು ನಗುತ್ತಿದ್ದಳು. ನೀಲಮ್ಮ ಒಂದು ದಿನ ನಮ್ಮ ಮನೆಯ ಕಟ್ಟೆಗೆ ಬಂದು, ಈಗೀಗ ನೀನು ಅಳುವುದಿಲ್ಲವಲ್ಲ, ಸೊಸೆ ಸುಧಾರಿಸಿದಳೇನು ಎಂದು ಕೇಳಿದಳು. ಆಯಿ ಓಣಿಗೆಲ್ಲ ಕೇಳುವಂತೆ ಉತ್ತರ ಕೊಟ್ಟಳು.

"ಅಕಿ ಮೊದಲಿಂದನೂ ಛಲೋನ ಅದಾಳ. ಕೆಟ್ಟಿದ್ದು ನನ್ನ ಕೂದಲಾ."

ಅವ್ವ ಅಡುಗೆಮನೆಯಲ್ಲಿ ಏನೋ ಹುಡುಕುವವಳಂತೆ ಬಹಳ ಹೊತ್ತು ಆ ಕಡೆ ತಿರುಗಿ ನಿಂತಿದ್ದಳು.

ಆಮೇಲೆ ಆಯಿ ತಾನೇ ನವಲಿಗೆ ಹೋಗಿ ತನ್ನ ಅಕ್ಕನನ್ನು ಕರೆತಂದು ಗಂಗಾವತಿಗೆ ಕರೆದೊಯ್ದಳು. ದೊಡ್ಡಾಯಿಯ ಹೋದ ನೋಟ ಬರಲಿಲ್ಲ. ಆದರೆ ಡಾಕ್ಟರು ಬೇರೆ ಕಡೆಯ ಚರ್ಮ ತೆಗೆದು ಹಚ್ಚಿ, ಆ ರೆಪ್ಪೆ ಮುಚ್ಚುವಂತೆ ಮಾಡಿದರು. ಎಷ್ಟೋ ವರ್ಷಗಳ ಮೇಲೆ ಆ ಮುದುಕಿ ನಮ್ಮ ಪಡಸಾಲೆಯಲ್ಲಿ ಎರಡೂ ಕಣ್ಣು ಮುಚ್ಚಿ ನಿದ್ದೆ ಮಾಡಿದಳು. ಅವಳನ್ನು ಎಬ್ಬಿಸಬಾರದೆಂದು ನಾವೆಲ್ಲ ಪಿಸುಮಾತಿನಲ್ಲಿ ಉಂಡೆವು.

ಆ ಬೇಸಿಗೆಯ ಒಂದು ಬೆಳಿಗ್ಗೆ. ಆಯಿ ಅಂಗಳದಲ್ಲಿ, ಬಯಲು ಬಿಸಿಲಿನಲ್ಲಿ, ತಲೆಯ ಮೇಲೆ ಸೆರಗಿಲ್ಲದೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ನಾನು ಎದುರಿಗೆ ಕುಳಿತು ಸುಲಿದದ್ದನ್ನು ತಿನ್ನುತ್ತಿದ್ದೆ. ಅವಳ ಕೈ ನಿಂತಿತು. ಮುಂದೆ ಬಾಗಿ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ನಿನ್ನ ಗಲ್ಲದ ಮ್ಯಾಲೆ ಮಚ್ಚಿ ಐತಲ್ಲೇ ಸರೂ. ಯಾವಾಗ ಬಂತಿದು?"

"ಹುಟ್ಟಿದಾಗಿಂದ ಐತಿ ಆಯಿ."

ನನಗೆ ನೀರೆರೆದವಳು, ಎತ್ತಿ ಆಡಿಸಿದವಳು, ಹನ್ನೆರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಂಡವಳು. ಅವಳು ಹೆಬ್ಬೆರಳಿನಿಂದ ಆ ಮಚ್ಚೆಯನ್ನು ಮೆಲ್ಲಗೆ ಸವರಿದಳು. ಶೇಂಗಾ ಮುಗಿಯಿತೆಂದು ನಾನು ಏಳಲು ಹೋದೆ.

"ಕುಂದ್ರು," ಎಂದಳು ಆಯಿ. "ಇನ್ನೂ ನೋಡೋದೈತಿ."